ಮರ ಎಂದರೆ

ಸೊರಬದ ಕೋರ್ಟಿನ ಗೇಟಿಗೆ ಎಡಕ್ಕೆ
ನೀಲಿ ತಾಡಪಾಲಿನ ಕೆಳಗೆ ಇಪ್ಪತ್ತಾರು ವರ್ಷ.
ಪುಟಕ್ಕೆ ಮೂರು ರೂಪಾಯಿಂದ ಮೂವತ್ತಕ್ಕೆ ಬಂದಿದ್ದೇನೆ.
ಕಲಂ ಎಂದರೆ ಲೇಖನಿ, ಕಲಂ ಎಂದರೆ ಕಾಯಿದೆಯ ಸಾಲು.
ಎರಡೂ ನನ್ನವಲ್ಲ. ನನ್ನದು ಬೆರಳು.

ಒಂದು ಜುಲೈ ಬೆಳಿಗ್ಗೆ ಕಲಮುಗಳೆಲ್ಲ ಮನೆ ಬದಲಿಸಿದವು.
ಕೊಲೆ ಮುನ್ನೂರೆರಡರಿಂದ ನೂರಮೂರಕ್ಕೆ,
ಕಳವು ಮುನ್ನೂರೆಪ್ಪತ್ತೊಂಬತ್ತರಿಂದ ಮುನ್ನೂರ ಮೂರಕ್ಕೆ.
ಸ್ಟಾಂಪಿನ ಗುತ್ಯಪ್ಪ ಸ್ಪಂಜು ಒದ್ದೆ ಮಾಡುತ್ತ ಕೇಳಿದ:
‘ಹಾಗಾದ್ರೆ ನನ್ನ ಭಾವಮೈದನ್ನ ಫೋರ್‌ಟ್ವೆಂಟಿ ಅನ್ನೋ ಹಾಗಿಲ್ವಾ?
ಮುನ್ನೂರ ಹದಿನೆಂಟು ಅಂತ ಬೈದ್ರೆ
ಅವನಿಗೆ ತಾಗೋದೇ ಇಲ್ಲವಲ್ಲ ಮಾರಾಯ್ರೆ.’

ಕಾಡಿನ ಕಾಯಿದೆ ಮಾತ್ರ ಕದಲಲಿಲ್ಲ.
ಅದರ ಎರಡನೇ ಕಲಮು ನನಗೆ ಬಾಯಿಪಾಠ.
ದನ ಎಂಬುದು ಆನೆ, ಒಂಟೆ, ಕತ್ತೆ, ಹಂದಿಯನ್ನು ಒಳಗೊಳ್ಳುತ್ತದೆ.
(ಸೊರಬದಲ್ಲಿ ಒಂಟೆ ಬಂದದ್ದು ಒಮ್ಮೆ, ಸರ್ಕಸ್ಸಿನ ಜೊತೆ.)
ಮರ ಎಂಬುದು ತಾಳೆ, ಬಿದಿರು, ಬೊಡ್ಡೆ, ಪೊದೆ, ಬೆತ್ತವನ್ನು
ಒಳಗೊಳ್ಳುತ್ತದೆ.
ಎಷ್ಟು ದೊಡ್ಡ ಹೊಟ್ಟೆ ಆ ಕ್ರಿಯಾಪದಕ್ಕೆ!

ಮೇದಾರ ಕೇರಿಯ ಹುಚ್ಚಮ್ಮ ಒಳಗಾದದ್ದು ಹಾಗೆ.
ಹದಿನಾಲ್ಕು ಗಳ ಬಿದಿರು, ಒಂದು ಕತ್ತಿ, ಒಂದು ಸೈಕಲ್ಲು,
ಸಿಕ್ಕಿದ್ದು ಕಾನಿನ ಅಂಚಿಗೆ, ಬೆಳಿಗ್ಗೆ ಆರೂ ಹತ್ತಕ್ಕೆ.
ಕಾನು, ಕಾನೂನು.
ಟೈಪು ಮಾಡುವಾಗ ನಡುವೆ ಒಂದೇ ಅಕ್ಷರ.

ಸಾಹೇಬರು ಹೊಸಬರು, ಬೀದರ ಕಡೆಯವರು.
‘ಮರ ಕಡಿದದ್ದು ನಿಜವೇನಮ್ಮ?’
ನಮ್ಮ ಕಡೆ ಮೊರಕ್ಕೂ ಮರ ಎಂದೇ ಅನ್ನುತ್ತಾರೆ.
ಹುಚ್ಚಮ್ಮ ಕಟಕಟೆಯಲ್ಲಿ ಸೆರಗು ಸರಿಮಾಡಿಕೊಂಡಳು.
‘ಮರ ಕಡಿಯೋದಲ್ಲ ಸ್ವಾಮಿ, ಹೆಣೆಯೋದು.
ದಿನಕ್ಕೆ ಎರಡು. ಗೌರಿಹಬ್ಬ ಬಂತಂದ್ರೆ ನಾಲ್ಕು.’
ಬೆಂಚ್ ಕ್ಲಾರ್ಕು ಬಾಯಿಗೆ ಕರವಸ್ತ್ರ ಹಿಡಿದ.
ಹೆಣೆಯುವ ಮರ ಯಾವುದೆಂದು
ಸಾಹೇಬರು ಒಂದು ಗಳಿಗೆ ಪುಸ್ತಕದ ಕಡೆ ನೋಡಿದರು.
ಆಮೇಲೆ, ಒಪ್ಪಿಕೊಂಡಿದ್ದಾಳೆ ಎಂದು ದಾಖಲಾಯಿತು.

ದಂಡ ಎರಡು ಸಾವಿರ.
ಕಟ್ಟಲು ತಪ್ಪಿದಲ್ಲಿ ಹದಿನೈದು ದಿನ ಸಾದಾ ಸಜೆ.

ಹೊರಗೆ ಬಂದು ನನ್ನ ಮೇಜು ಹಿಡಿದು ನಿಂತಳು.
‘ಸಾದಾ ಅಂದ್ರೆ?’
‘ಕೆಲಸ ಕೊಡಲ್ಲ. ಸುಮ್ಮನೆ ಕೂರೋದು.’
‘ಹದಿನೈದು ದಿನ? ಕೈ ಖಾಲಿ?’
ಎರಡು ಸಾವಿರಕ್ಕೆ ಹೆದರದವಳು ಅದಕ್ಕೆ ಬೆಚ್ಚಿದಳು.
ಕಿವಿಯೋಲೆ ಬಿಚ್ಚಿ ಮಗಳ ಕೈಗೆ ಕೊಟ್ಟಳು,
ಮೂರು ಗಂಟೆಯೊಳಗೆ ರಸೀದಿ ಬಂತು.

ತೀರ್ಪಿನ ನಕಲಿಗೆ ಅರ್ಜಿ ನಾನೇ ಹೊಡೆದೆ. ಗುತ್ಯಪ್ಪ ಸ್ಟಾಂಪು ಅಂಟಿಸಿ
ಹೆಬ್ಬೆರಳಲ್ಲಿ ಅದುಮಿದ ಮೇಲೆ ನೋಡುತ್ತೇನೆ,
‘ಮೊರ ಕಡಿದ ಆರೋಪದ ಮೇರೆಗೆ’ ಎಂದು ಬಿದ್ದಿದೆ.
ಮತ್ತೆ ಪರದೆಯಲ್ಲಿ ತೆರೆದು ಒಂದು ಕೀಲಿ ಒತ್ತಿದೆ.
ಒತ್ವ ಅಳಿಸಿತು, ಕಾಡು ಸರಿಹೋಯಿತು.
ಸ್ಟಾಂಪಿನ ದುಡ್ಡು ನನ್ನ ತಲೆಗೆ.
ಅಂಟಿಸಿದ್ದನ್ನು ಹಿಂದಕ್ಕೆ ತಗೋ ಎಂದು
ಗುತ್ಯಪ್ಪನಿಗೆ ಹೇಳುವ ಕಲಮು ಇನ್ನೂ ಹುಟ್ಟಿಲ್ಲ.

ಭಾದ್ರಪದಕ್ಕೆ ಮುಂಚೆ ಹುಚ್ಚಮ್ಮ ಮತ್ತೆ ಬಂದಳು,
ಕಿವಿಯಲ್ಲಿ ಕಡ್ಡಿ, ಕಂಕುಳಲ್ಲಿ ಹೊಸದೊಂದು.
‘ನಿಮ್ಮ ಟೈಪಿನ ದುಡ್ಡು’ ಎಂದು ಮೇಜಿನ ಮೇಲಿಟ್ಟಳು.
ಹಸಿ ಬಿದಿರಿನ ವಾಸನೆ, ಅಂಚಿಗೆ ಎರಡು ಸುತ್ತು ಬಿಗಿ ಕಟ್ಟು.
ಯಾವ ಕಾನಿನದು ಎಂದು ನಾನು ಕೇಳಲಿಲ್ಲ.
ಕೇಳಿದ್ದರೆ ತಿಳಿಯುತ್ತಿತ್ತು;
ತಿಳಿದೂ ಇಟ್ಟುಕೊಂಡರೆ, ಹಿಂದೆ ನಾನೂರ ಹನ್ನೊಂದು,
ಈಗ ಮುನ್ನೂರ ಹದಿನೇಳು.

ಮನೆಗೆ ಒಯ್ದಿಲ್ಲ. ಗುಂಡುಸೂಜಿ, ಟ್ಯಾಗು,
ಗಾಳಿಗೆ ಹಾರುವ ವಕಾಲತ್ತು ಫಾರಮ್ಮು ಅದರಲ್ಲೇ.

ನಿನ್ನೆ ಗಾರ್ಡು ಚೌಡಪ್ಪ ಭತ್ಯೆಯ ಬಿಲ್ಲು ಹೊಡೆಸಲು ಬಂದ.
ಹುಚ್ಚಮ್ಮನ ಸೈಕಲ್ಲು ಹಿಡಿದು ತಂದಿದ್ದವ ಅವನೇ.
ಸೂಜಿಗೆಂದು ಕೈ ಹಾಕಿದವ ಹಾಗೇ ನಿಂತು
ಹೆಣಿಗೆಯ ಮೇಲೆ ಬೆರಳಾಡಿಸಿದ.

‘ಎಲ್ಲಿ ಸಿಕ್ತು? ಒಳ್ಳೇ ಮರ.’