ತಪ್ಪಲದ ಲೆಕ್ಕ

ನಗು ಬಂತು ನನಗ. ಡಾಕ್ಟರು ಕೇಳಿದ್ದ ಹಂಗಿತ್ತು:
"ತಪ್ಪಲ ಪಲ್ಲೆ ತಿಂತೀಯೇನ?"
ಹದಿನೆಂಟು ವರ್ಷ ಮಡಗಾಂವ ಬಜಾರದಾಗ
ತಪ್ಪಲಾ ಮಾರಿ ಮಗಳನ್ನ ಬಿ.ಕಾಂ. ಓದಿಸಿದಾಕಿಗೆ!

ಆ ನಗುವಿನೊಳಗನೂ ಎದಿ
ಎರಡು ಹೆಜ್ಜಿ ಓಡಿ, ನಿಂತು, ಮತ್ತ ಐದು ಓಡಿ,
ಬುಟ್ಟಿ ತಳದಾಗ ಉಳದ ಜೀವಂತ ಏಡಿ ಹಂಗ
ಪರಪರ ಕೆರಕೋತ ಇತ್ತು.

ಶಿಗ್ಮೋ ಮುಗದ ಮರುದಿನ ಅದು ಶುರುವಾದದ್ದು.
ಬೆಳಗಾವಿ ಲಾರಿ ನಾಕಕ್ಕ ಬಂತು.
ಮೆಂತೆ ಗೋಣಿಗೆ ಕೈ ಹಾಕಿದ್ದು ಗೊತ್ತು,
ಆಮ್ಯಾಲ ಕಂಡದ್ದು ಬಾಜೂಕಿನ ಪಿಯೆದಾದ್ ಬಾಯಿ ಮಾರಿ.
ತೆಂಗಿನಕಾಯಿ ಸುಲಿಯೂದು ಬಿಟ್ಟು
ನನ್ನ ಮುಂಗೈ ಹಿಡದು ಕುಂತಿದ್ಲು:
"ಕಿತೆಂ ಗೋ ಹೆಂ, ಫಕ್ಕೀರವ್ವಾ?
ನಾಡಿ ಅಲ್ಲಿದು, ಒಗ್ಗರಣಿ ಸಾಸಿವಿ!"

ಬಾಂಬೋಳಿ ದೊಡ್ಡ ಆಸ್ಪತ್ರಿಯಾಗ
ಎದಿಗೆ ವಾಯರು ಅಂಟಿಸಿ ಕಾಗದ ತೆಗೆದರು.
ಬಾಲವಾಡಿ ಕೂಸು ಪಾಟಿ ಮ್ಯಾಲ ಗೀಚಿದಂಗಿತ್ತು.
ಸಣ್ಣಾಕಿದ್ದಾಗ ಬಂದ ಜ್ವರ ಒಳಗಿನ ಕದಾ ಕೆಡಿಸೈತಂತ.
ಮ್ಯಾಲಿನ ಖೋಲಿ ಬಡಿಯೂದಿಲ್ಲ, ಬರೇ ನಡಗತೈತಂತ.
ನಿಂತ ರಕ್ತ ಹೆಪ್ಪಾಗತೈತಂತ.
ಹೆಪ್ಪು ಅಂದ್ರ ನನಗ ಮೊಸರಷ್ಟ ಗೊತ್ತು.
ಅದು ತಲಿಗೇರಿದ್ರ ಕೈ ಹೋಗತೈತಿ, ಮಾತು ಹೋಗತೈತಿ, ಅಂದ್ರು.
ಎರಡೂ ಹೋದ ಮ್ಯಾಲ
ಬಾಜಿ ಮಾರೂದರ ಹೆಂಗ?

ಮೂರು ವಾರ ಅಂಜಿ ಸತ್ತೆ.
ಎಡಮಗ್ಗಲಾ ಮಲಗಿದ್ರ ದಿಂಬಿನ್ಯಾಗ ಕೇಳತಿತ್ತು,
ಬಲಮಗ್ಗಲಾದ್ರ ಇನ್ನೂ ಐತೋ ಇಲ್ಲೋ ಅಂತ ಚಿಂತಿ.
ತಪ್ಪಲಾ ತಿಂದ್ರ ಗುಳಗಿ ಕೆಲಸಾ ಮಾಡೂದಿಲ್ಲ
ಅಂತ ಯಾರೋ ಅಂದ್ರು. ಬಿಟ್ಟೆ.
ಮೆಂತೆ, ಹರಿವಿ, ನನ್ನ ಜೀವದ ಪುಂಡಿಪಲ್ಲೆ ಸೈತ.
ಬರೇ ಅನ್ನ, ಬರೇ ತೊವ್ವಿ.
ಒಂದಿನ ಹಲ್ಲು ತಿಕ್ಕಿ ಉಗುಳಿದ್ರ
ಕೆಂಪು ಹರಿವಿ ಕುದಿಸಿ ಬಸದ ನೀರು.

ಡಾಕ್ಟರು ಬೈಲಿಲ್ಲ.
"ಬಿಡು ಅಂದವರ‍್ಯಾರು? ದಿನಾ ತಿನ್ನು.
ದಿನಾ ಅಷ್ಟ ತಿನ್ನು. ಒಂದಿನ ಹಬ್ಬ, ಒಂದಿನ ಉಪಾಸ,
ಅದೊಂದು ಬ್ಯಾಡ."

ಅಷ್ಟೇನ?
ಹದಿನೆಂಟು ವರ್ಷದಾಗ ನನ್ನ ಹಿಡಿ ತಪ್ಪಿಲ್ಲ ಸಾಹೇಬರ,
ಬೇಕಂದ್ರ ತೂಕಕ್ಕಿಟ್ಟು ನೋಡ್ರಿ.

ಈಗ ತಿಂಗಳಿಗೊಮ್ಮಿ ರಕ್ತ ಕೊಡತೀನಿ.
ಎರಡಕ್ಕ ಕಡಿಮಿ ಬರಬಾರದು, ಮೂರು ದಾಟಬಾರದು.
ಕಸ್ತೂರಿ ಕ್ಯಾಲೆಂಡರಿನ್ಯಾಗ ಬರಿತಾಳ, ಎರಡೂ ಪಾಯಿಂಟ್ ನಾಕು.
"ಮುಳ್ಳು ನಡುವ ನಿಂತೈತಿ ಬೇ, ತಕ್ಕಡೀದು."
ನನ್ನ ಮಗಳಲ್ಲೇನ!

ಗೋಣಿ ಎತ್ತಾಕ ಹುಡುಗ ಒಬ್ಬನ ಹಿಡದೀನಿ,
ಗೋಣಿಗೆ ಹತ್ತು ರೂಪಾಯಿ. ಮೊದಲು ಹೊಟ್ಟಿ ಉರೀತಿತ್ತು.
ಬೇರು ಕೊಯ್ಯೂವಾಗ ಕುಡಗೋಲು ತಾಗಿದ್ರ
ಅರಿವಿ ಒತ್ತಿ ಹಿಡದು ಸುಮ್ಮ ಕುಂದರತೀನಿ.
ಪಾವಿನವನ ಸೈಕಲ್ ಹಾರ್ನ್
ಮೀನ ಬಜಾರ ಸುತ್ತಿ ಬರೂತನಾ ಬಿಡೂದಿಲ್ಲ.
ಸಂಜೀಕ ಏಳಕ್ಕ ಇಗರ್ಜಿ ಗಂಟಿ.
ಪಿಯೆದಾದ್ ಬಾಯಿ ಎದಿ ಮ್ಯಾಲ ಶಿಲುಬಿ ಗೀರತಾಳ,
ನಾ ಗುಳಗಿ ನುಂಗತೀನಿ.
ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡೂದಿಲ್ಲ ಆಗ.

ವಾಸಿ ಆತೇನು ಅಂತ ಊರಿಂದ ಫೋನ್ ಬರತೈತಿ.
ಏನಂತ ಹೇಳ್ಲಿ?
ಮನ್ಯಾಗ ಇಟಗೊಂಡೀನಿ ಅಂತೀನಿ,
ಹೇಳಿದ್ದು ಕೇಳದ ಮೈದುನನ್ನ ಇಟಗೊಂಡಂಗ.
ಉಣ್ಣೂ ಹೊತ್ತಿಗೆ ಉಣ್ಣಾಕ ಹಾಕತೀನಿ.

ಇವತ್ತು ಮಧ್ಯಾಹ್ನ ಏಡಿ ಮತ್ತ ಎದ್ದಿತ್ತು.
ಸ್ಟೂಲಿನ ಮ್ಯಾಲ ಕುಂತೆ, ನೀರು ಕುಡದೆ.
ಎದುರಿಗೆ ಗಿರಾಕಿ. ಮೂರು ಸೂಡು ತಾಂಬ್ಡಿ ಭಾಜಿ ಹಿಡದು
"ಕಿತ್ಲೆ?" ಅನ್ನಕತ್ತಿದ್ಲು.
ತಡಿ, ಅಂದೆ, ಕನ್ನಡದಾಗ.
ಆಕಿ ತನಗಂತ ತಿಳದು ನಿಂತ್ಲು.