ಅಸಲು

ಮಾರ್ಚ್ ಮುಗಿದ ಮೊದಲ ಸೋಮವಾರ
ಕುರ್ಲಾ ಪೈಪ್ ರೋಡಿನಿಂದ ರುಕಯ್ಯಾ ಪರ್ಕಾರ್ ಬರುತ್ತಾಳೆ.
ಪ್ಲಾಸ್ಟಿಕ್ ಚೀಲದೊಳಗೆ ಕರ್ಚೀಪು, ಕರ್ಚೀಪಿನೊಳಗೆ ಪಾಸ್‌ಬುಕ್ಕು,
ಉಗುರ ಸಂದಿಯಲ್ಲಿ ಇನ್ನೂ ಸಾಂದಣದ ಹಿಟ್ಟು.
'ಇದರಲ್ಲಿ ಬಡ್ಡಿ ಎಷ್ಟು, ಕೋಟ್ಯಾನ್ ಸಾಹೇಬ್?'
ಪೆನ್ಸಿಲಿನಿಂದ ಸುತ್ತು ಹಾಕುತ್ತೇನೆ:
ನಾನೂರ ಹನ್ನೆರಡು.

ಅಷ್ಟನ್ನೇ ಬಿಡಿಸುತ್ತಾಳೆ. ಎಣಿಸುವುದಿಲ್ಲ.
ಬೇರೆಯದೇ ಪರ್ಸು ಅದಕ್ಕೆ.
ಚಾಳಿನ ಪಾಯಖಾನೆಗೆ ಒಂದು ವರ್ಷ ಬಲ್ಬು,
ಒಂದು ವರ್ಷ ಚಿಲಕ, ನೀಲಿ ಬಕೆಟ್ಟು.
'ಪುಣ್ಯ ಬರುತ್ತಾ?' ಅಂದೆ ಒಮ್ಮೆ.
'ಪುಣ್ಯಕ್ಕಲ್ಲ ಸಾಹೇಬ್, ಕೈ ತೊಳೆಯೋದಕ್ಕೆ.'

ಬಡ್ಡಿಯಿಲ್ಲದ ಕೌಂಟರು ತರುತ್ತೇನೆಂದು
ಮೂರು ಚುನಾವಣೆ ಹಿಂದೆ ಒಬ್ಬ ಬ್ಯಾನರು ಕಟ್ಟಿದ.
ಎದುರು ಕಂಬಕ್ಕೆ ಇನ್ನೊಬ್ಬ:
ಒಂದೇ ದೇಶ, ಒಂದೇ ಕೌಂಟರು.
ಮಳೆ ಹಿಡಿದ ವಾರ ಎರಡೂ ಇಳಿದು
ಒಂದೇ ಗುಡಿಸಲಿನ ಮಾಡಿಗೆ ಹೊದಿಕೆಯಾದವು.
ಹೆಡ್ಡಾಫೀಸಿನ ಕಾಗದ ನನ್ನ ಡ್ರಾವರಿನಲ್ಲಿ ಹಳದಿಯಾಗಿದೆ:
'ಪರಿಶೀಲನೆಯಲ್ಲಿದೆ.'

ನಡುವೆ ಒಂದು ವರ್ಷ ಅವಳು ಬರಲಿಲ್ಲ.
ಹಸಿರು ಬೋರ್ಡಿನ ಕಂಪನಿ, ಲಾಭದಲ್ಲಿ ಪಾಲು,
ಉದ್ಘಾಟನೆಗೆ ಕಮಿಟಿಯ ಹಿರಿಯರು, ಪಾಕೀಟಿನಲ್ಲಿ ಖರ್ಜೂರ.
ನಾದಿನಿ ಹಾಕಿದಳು, ನಾದಿನಿಯ ಪಕ್ಕದ ಮನೆಯವಳು ಹಾಕಿದಳು,
ಹಾಕದವಳಿಗೆ ಮದುವೆಮನೆಯಲ್ಲಿ
ತಟ್ಟೆ ಸ್ವಲ್ಪ ತಡವಾಗಿ ಬಂತು.
ಇವಳೂ ಹಾಕಿದಳು. ಖಾತೆಯಲ್ಲಿದ್ದದ್ದು, ಮೇಲೆ ಎರಡು ಬಳೆ.
ಮೊದಲು ಬೋರ್ಡು ಹೋಯಿತು, ಆಮೇಲೆ ಫೋನು.
ಠಾಣೆಯಲ್ಲಿ ದೂರು ಬರೆದುಕೊಳ್ಳುವವ ಕೇಳಿದನಂತೆ:
'ಬಡ್ಡಿ ಬೇಡ ಅಂದವರಿಗೆ ಅಸಲು ಯಾಕೆ ಬೇಕು?'

ಹೇಳುತ್ತ ನಕ್ಕಳು. ನಾನೂ ನಕ್ಕೆ,
ನಕ್ಕದ್ದಕ್ಕೆ ಆಮೇಲೆ ಗಂಟಲು ಕಟ್ಟಿತು.

ಆ ರಾತ್ರಿ ಲೋಕಲ್ಲಿನ ಬಾಗಿಲಲ್ಲಿ ಜೋತು
ಬಾಯಲ್ಲೇ ಲೆಕ್ಕ ಹಾಕಿದೆ:
ಜಮಾ, ಬಾಕಿ, ವಸೂಲಿ, ಅಸಲು.
ನನ್ನಜ್ಜ ಶೇಂದಿ ಗಡಂಗಿನ ಲೆಕ್ಕ ಬರೆದ ಮಾತುಗಳೆಲ್ಲ
ಅವಳ ಕಡೆಯಿಂದ ಬಂದವು, ಹಡಗು ಹತ್ತಿಯೋ ಕುದುರೆ ಹತ್ತಿಯೋ.
ಬಡ್ಡಿಯೊಂದೇ ನಮ್ಮ ಮನೆಯದು.
ಅದಕ್ಕೂ ಒಂದು ಮಗನನ್ನು ಅಂಟಿಸಿ
ಬೈಯುವುದಕ್ಕೆ ಇಟ್ಟುಕೊಂಡೆವು.

ಡೊಂಬಿವಲಿಯ ನನ್ನ ಫ್ಲಾಟಿಗೆ
ಇನ್ನೂ ಹನ್ನೊಂದು ವರ್ಷದ ಕಂತು.
ಅದರಲ್ಲಿ ಅಸಲೆಷ್ಟು ಎಂದು
ಪೆನ್ಸಿಲು ಕೈಯಲ್ಲೇ ಇದ್ದರೂ
ಸುತ್ತು ಹಾಕಿ ನೋಡಿದವನಲ್ಲ.

ಈ ಸೋಮವಾರ ಮತ್ತೆ ಬಂದಿದ್ದಳು.
ಅದೇ ಪ್ಲಾಸ್ಟಿಕ್ಕು, ಅದೇ ಕರ್ಚೀಪು.
ಸುತ್ತಿನೊಳಗೆ ಮೂವತ್ತೊಂದು ರೂಪಾಯಿ.
ಬಕೆಟ್ಟಿಗೆ ಸಾಲದು, ಅಂದಳು.
ಮಗ್ಗು ಬರಬಹುದು.