ಮಾಲೀಕರ ಹೆಸರು

ಬೆಳಗಿನ ಐದಕ್ಕೆ ಮಂಗಳೂರಿನ ದಕ್ಕೆಯಲ್ಲಿ
ಮೀನಿನ ಏಲಂ ಬರೆಯುವ ಗುಮಾಸ್ತ ನಾನು.
ಅಷ್ಟೂ ಒದ್ದೆ ಕೈಗಳ ನಡುವೆ
ಒಣಗಿದ್ದೆಂದರೆ ನನ್ನ ಪುಸ್ತಕ ಒಂದೇ.
ಅದನ್ನು ತಲೆಕೆಳಗು ಮಾಡಿ ಹಿಂದಿನಿಂದ ತೆರೆದರೆ
ಇನ್ನೊಂದು ಲೆಕ್ಕ ಉಂಟು:
ಬೊಳ್ಳುವಿನದು.

ಬೊಳ್ಳು ಎಂದರೆ ಬಿಳಿ. ಈಗ ಬಿಳಿಯೇನಲ್ಲ,
ಡೀಸೆಲ್ ಕೆಸರಲ್ಲಿ ಹೊರಳಿ ಹೊರಳಿ
ಹಳೆಬಲೆಯ ಬಣ್ಣಕ್ಕೆ ತಿರುಗಿದವಳು,
ಐಸ್ ಪ್ಲಾಂಟಿನ ಹಿಂದೆ ಐದು ಸಲ ಹೆತ್ತವಳು.
ಕೊನೆಯ ಮೊಲೆಯ ಹತ್ತಿರ
ಕಡಲೆಯಷ್ಟಿದ್ದದ್ದು ಮಾರ್ಚಿನಲ್ಲಿ ನಿಂಬೆಯಷ್ಟಾಯಿತು.
ನಾವೆಲ್ಲ ನೋಡಿದ್ದೆವು.
ನೋಡುವುದು ದಕ್ಕೆಯಲ್ಲಿ ಒಂದು ಕೆಲಸವಲ್ಲ.

ಮುಟ್ಟಿದವಳು ವಾರಿಜಕ್ಕ.
ದಿನಕ್ಕೆ ಹತ್ತು ಕಿಲೋ ಸಿಗಡಿ ಸುಲಿಯುವ ಬೆರಳು
ಅಲ್ಲಿಗೆ ಬಂದು ನಿಂತಿತು.
“ಇದು ಗಾಯ ಅಲ್ಲ ಮಾರಾಯ, ಇದಕ್ಕೆ ಬೇರು ಉಂಟು.”

ಟೆಂಪೋ ಇದ್ದಿನಬ್ಬನದು.
“ನಾನು ಮುಟ್ಟುವುದಿಲ್ಲ, ನಮಾಜಿಗೆ ಹೋಗ್ಲಿಕ್ಕುಂಟು.
ಟೆಂಪೋ ಮುಟ್ಟಲಿ, ಅದನ್ನು ತೊಳೆದರಾಯ್ತು.”
ಆಮೇಲೆ ಒಂದೊಂದು ಗುಂಡಿಯನ್ನೂ ಬಳಸಿ
ಮೊಟ್ಟೆ ಸಾಗಿಸುವವನ ಹಾಗೆ ಓಡಿಸಿದ.

ಪಶು ಆಸ್ಪತ್ರೆಯ ಚೀಟಿಯಲ್ಲಿ ಒಂದು ಖಾಲಿ ಗೆರೆ:
ಮಾಲೀಕರ ಹೆಸರು.
ಇದ್ದಿನಬ್ಬ ಫ್ಯಾನು ನೋಡಿದ. ವಾರಿಜಕ್ಕ ನನ್ನನ್ನು.
ಬರೆಯುವವ ನಾನೇ ಅಲ್ಲವಾ, ಬರೆದೆ:
ದಕ್ಕೆ.
ಡಾಕ್ಟರಮ್ಮ ಓದಿದರು, ತಿದ್ದಲಿಲ್ಲ.

ಆಪರೇಷನ್ನು, ತುಣುಕಿನ ಪರೀಕ್ಷೆ,
ಮೂರು ವಾರಕ್ಕೊಂದು ಸೂಜಿ.
“ಮರಿಯಾಗದ ಹಾಗೆ ಎಳವೆಯಲ್ಲೇ ಮಾಡಿಸಿದ್ದರೆ
ಇದು ಬಾರದೆಯೂ ಇರಬಹುದಿತ್ತು” ಎಂದರು.
ಬೈಯಲಿಲ್ಲ.
ಬೈದಿದ್ದರೆ ಹಗುರಾಗುತ್ತಿತ್ತು.

ಬಿಸ್ಕೆಟಿನ ತಗಡಿನ ಡಬ್ಬಿಗೆ ತೂತು ಕೊರೆದು
ತಕ್ಕಡಿಯ ಪಕ್ಕ ಇಟ್ಟೆವು.
“ಮನುಷ್ಯರ ಮದ್ದಿಗೇ ಗತಿಯಿಲ್ಲ, ನಾಯಿಗೆಂತ ಕ್ಯಾನ್ಸರು?”
ಕೇಳಿದವ ಸಿಪ್ರಿಯನ್,
ಹೆಂಡತಿಯ ಕೀಮೋಗೆ ಬೋಟಿನ ಪಾಲು ಮಾರಿದವ.
ಯಾರೂ ಉತ್ತರ ಕೊಡಲಿಲ್ಲ, ಇರಲೂ ಇಲ್ಲ.
ಮರುದಿನ ಡಬ್ಬಿಯ ಮೇಲೆ ಒಂದು ಪೊಟ್ಟಣ ಇಟ್ಟು ಹೋದ:
ವಾಂತಿ ನಿಲ್ಲುವ ಮಾತ್ರೆ, ಹನ್ನೊಂದು,
ಅವಳಿಗೆ ಬೇಕಾಗದೆ ಉಳಿದದ್ದು.
“ಡಾಕ್ಟರಮ್ಮನಲ್ಲಿ ಕೇಳಿ ನೋಡಿ, ಆಗುತ್ತದಾ ಅಂತ.”
ಇದನ್ನು ಯಾವ ಕಾಲಮಿನಲ್ಲಿ ಬರೆಯುವುದು?
ಇನ್ನೂ ಬರೆದಿಲ್ಲ.

ಶನಿವಾರ ಏಲಂ ಕೂಗುವ ಉಮಾನಾಥನಿಗೆ ಎಂತಾಯ್ತೋ,
ಬುಟ್ಟಿಯಿಂದ ಒಂದೇ ಒಂದು ಬಂಗುಡೆ ಎತ್ತಿ ಹಿಡಿದು ಕೂಗಿದ.
ಐವತ್ತು. ನೂರು. ಮುನ್ನೂರು.
ಗೆದ್ದವನು ಮೀನು ಒಯ್ಯದೆ “ಇನ್ನೊಮ್ಮೆ ಕೂಗು” ಎಂದ.
ಏಳು ಸಲ ಮಾರಾಟವಾಗಿ ಮೆತ್ತಗಾದ ಆ ಬಂಗುಡೆಯನ್ನು
ಕೊನೆಗೆ ಒಂದು ಗಿಡುಗ ಬಿಟ್ಟಿಯಾಗಿ ಒಯ್ದಿತು.
ಪುಸ್ತಕದಲ್ಲಿ ಹಾಗೆಯೇ ಉಂಟು:
ಬಂಗುಡೆ ಒಂದು, ರೂಪಾಯಿ ನಾಲ್ಕು ಸಾವಿರದ ಆರುನೂರು.
ಯಾರಾದರೂ ತಪಾಸಣೆಗೆ ಬಂದರೆ ನನ್ನ ಕಥೆ ಮುಗಿಯಿತು.

ಸಿಗಡಿ ಶೆಡ್ಡಿನಲ್ಲಿ ವಾರಿಜಕ್ಕ ಹೆಂಗಸರಿಗೆ ತೋರಿಸಿದಳು,
ಮನೆಯ ನಾಯಿಯ ಹೊಟ್ಟೆ ತಡವುವುದು ಹೇಗೆಂದು:
ಹೀಗೆ, ಎರಡು ಬೆರಳಲ್ಲಿ, ಅವಸರ ಮಾಡದೆ.
ಯಾರೋ ಕಿಸಕ್ಕನೆ ನಕ್ಕರು.
ಸ್ವಲ್ಪ ಹೊತ್ತಿಗೆ ಶೆಡ್ಡಿನಲ್ಲಿ
ನೀರು ಸುರಿಯುವ ಸದ್ದು ಮಾತ್ರ.

ಈಗ ಜೂನ್. ಬೋಟುಗಳನ್ನು ಕಟ್ಟಿ ಹಾಕಿದ್ದಾರೆ.
ಬೋಳಿಸಿದ ಹೊಟ್ಟೆಯಲ್ಲಿ ಒಂದು ಗೇಣು ಹೊಲಿಗೆ ಹೊತ್ತು
ಬೊಳ್ಳು ಟಾರ್ಪಾಲಿನಡಿ ಮಲಗಿರುತ್ತಾಳೆ,
ಇದ್ದಿನಬ್ಬ ದೂರದಿಂದಲೇ ಅನ್ನ ನೂಕುತ್ತಾನೆ, ಕೋಲಲ್ಲಿ.
“ಮಳೆಗಾಲ ದಾಟಬಹುದು” ಎಂದಿದ್ದಾರೆ ಡಾಕ್ಟರಮ್ಮ,
ಆಚೆಗೆ ಮಾತು ಕೊಡಲಿಲ್ಲ.
ಎರಡು ಸೂಜಿ ಬಾಕಿ. ಡಬ್ಬಿಯಲ್ಲಿ ಆರುನೂರು ಕಡಿಮೆ.
ನಿನ್ನೆ ಬೋಳಾರದಿಂದ ಒಬ್ಬ ಹುಡುಗ ಬಂದಿದ್ದ,
ಗೋಣಿಯಲ್ಲಿ ಕರಿನಾಯಿ, ದವಡೆ ಊದಿದೆ.
“ಇಲ್ಲಿ ಬರೆದುಕೊಳ್ಳುತ್ತಾರಂತಲ್ಲ?”

ಮೀನಿನ ಲೆಕ್ಕ ಮುಂದಿನಿಂದ ಬರುತ್ತಿದೆ,
ಇವರದು ಹಿಂದಿನಿಂದ.
ನಡುವೆ ನಾಲ್ಕು ಪುಟ ಖಾಲಿ.
ಆಗಸ್ಟಿಗೆ ಹೊಸ ಪುಸ್ತಕ ತರಬೇಕು,
ದಪ್ಪದ್ದು.